ಚೆಂಡನ್ನು ನೋಡದ ಚಾಚಾ

ಅವರ ಬೆರಳ ತುದಿಗಳು ಸದಾ ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮೂವತ್ತು ವರ್ಷ ಬಿಸಿನೀರಿನಲ್ಲಿ ರೇಷ್ಮೆಗೂಡು ತಡಕಿದ ಬೆರಳುಗಳು ಅವು. ಬಲಗೈಯ ತೋರುಬೆರಳು ಮಾತ್ರ ಗಿಣ್ಣಿನ ಹತ್ತಿರ ಸೊಟ್ಟಗಾಗಿತ್ತು. ಅದು ನೀರಿನ ಕೆಲಸವಲ್ಲ, ಬೇಸ್‌ಬಾಲ್ ಚೆಂಡಿನದು. ಕಾಲೇಜಿನಲ್ಲಿ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದಾಗ ಮುರಿದದ್ದಂತೆ. "ಆಗ್ಲೇ ಸರಿ ಮಾಡಿಸ್ಕೋಬಹುದಿತ್ತಲ್ಲ ಚಾಚಾ" ಎಂದರೆ, "ಗೂಡು ಹಿಡಿಯಕ್ಕೆ ಈ ಸೊಟ್ಟನೇ ಚೆನ್ನಾಗಿದೆ ಬೇಟಾ" ಎನ್ನುತ್ತಿದ್ದರು.

ಶಿಡ್ಲಘಟ್ಟದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರು ನೂಲು ಬಿಚ್ಚುತ್ತಿದ್ದದ್ದು. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಮಧ್ಯಾಹ್ನವೆಲ್ಲ ಕುದಿಯುವ ನೀರಿನ ಮುಂದೆ, ಸಂಜೆ ನಾಲ್ಕೂವರೆಗೆ ನಮ್ಮ ಜೂನಿಯರ್ ಕಾಲೇಜಿನ ಮೈದಾನ. ಪಿ.ಟಿ. ಮೇಷ್ಟ್ರ ಜಾಗ ಖಾಲಿ ಬಿದ್ದಿದ್ದ ಕಾಲ ಅದು, ನಾನಾಗ ಅಲ್ಲೇ ಹೈಸ್ಕೂಲಿನಲ್ಲಿದ್ದೆ. ಅವರೇ ಪ್ರಿನ್ಸಿಪಾಲರ ಹತ್ತಿರ ಹೋಗಿ, "ಹುಡುಗೀರ್ಗೆ ಬೇಸ್‌ಬಾಲ್ ಹೇಳ್ಕೊಡ್ತೀನಿ, ಮೈದಾನ ಬಿಟ್ಕೊಡಿ ಸಾಕು" ಎಂದಿದ್ದರು. ಬೇಸ್‌ಬಾಲ್ ಎಂದರೇನೆಂದು ಪ್ರಿನ್ಸಿಪಾಲರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೊದಲ ವಾರ ಅವರ ಅಂಗಿಯಿಂದ ಬರುತ್ತಿದ್ದ ಬೆಂದ ಹುಳದ ವಾಸನೆಗೆ ನಾವೆಲ್ಲ ಮೂಗು ಮುಚ್ಚಿಕೊಂಡೆವು. ಎರಡನೇ ವಾರಕ್ಕೆ ಆ ವಾಸನೆ ಬಂದರೆ ಆಟ ಶುರುವಾಯಿತು ಎಂದು ಕುಣಿದೆವು.

ನಾನು ಆಗಲೇ ನಮ್ಮ ಬೀದಿಯ ಕ್ರಿಕೆಟ್ಟಿನಲ್ಲಿ ಹೆಸರು ಮಾಡಿದವಳು. ಗಂಡುಹುಡುಗರ ಬೌಲಿಂಗಿಗೆ ಎಷ್ಟು ಮನೆಯ ಹೆಂಚು ಒಡೆದಿದ್ದೆನೋ ಲೆಕ್ಕವಿಲ್ಲ. ಬ್ಯಾಟು ದುಂಡಗಿದ್ದರೇನು, ಚಪ್ಪಟೆಯಾಗಿದ್ದರೇನು ಎಂಬ ಜಂಬ. ಮೊದಲ ದಿನವೇ ಅವರು ಎಸೆದ ಚೆಂಡನ್ನು ಕಾಂಪೌಂಡಿನ ಆಚೆಗೆ ಕಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಗೆಳತಿಯರು ಚಪ್ಪಾಳೆ ತಟ್ಟಿದರು. ಚಾಚಾ ಚೆಂಡಿನ ಕಡೆ ತಿರುಗಿಯೂ ನೋಡಿರಲಿಲ್ಲ. ನನ್ನ ಬಲ ಮೊಣಕೈಯನ್ನೇ ನೋಡುತ್ತಿದ್ದರು.

"ಕೈ ಓಡೋಯ್ತು, ಮೈ ಇನ್ನೂ ಮನೇಲೇ ಇತ್ತು" ಎಂದರು.

ನನಗೆ ಅರ್ಥವಾಗಲಿಲ್ಲ, ಸಿಟ್ಟು ಮಾತ್ರ ಬಂತು. ಮರುದಿನ ಅವರು ಜೇಬಿನಲ್ಲಿ ಒಂದು ಪುಟ್ಟ ನೂಲಿನುಂಡೆ ತಂದರು. ಏಳೆಂಟು ಗೂಡಿನ ಎಳೆ ಸೇರಿಸಿ ಬಿಚ್ಚಿದ ಹಸಿ ರೇಷ್ಮೆ, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದು. ಅದರ ಒಂದು ತುದಿಯನ್ನು ನನ್ನ ಬಲಭುಜದ ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸಿದರು, ಇನ್ನೊಂದು ತುದಿಯನ್ನು, ಮೊಣಕೈ ಮಡಿಸಿದಷ್ಟೇ ಅಳತೆಗೆ, ಬಲ ಮಣಿಕಟ್ಟಿಗೆ ಕಟ್ಟಿದರು. ಹೊಡೆಯುವಾಗ ಮೊದಲು ಸೊಂಟ ತಿರುಗಬೇಕು, ಕೈ ಮೈಗಂಟಿಕೊಂಡೇ ಅದರ ಹಿಂದೆ ಬರಬೇಕು, ಚೆಂಡಿಗೆ ಬ್ಯಾಟು ತಾಗಿದ ಮೇಲೆ ತೋಳು ಪೂರ್ತಿ ಚಾಚಿಕೊಳ್ಳಬೇಕು. ತೋಳು ಚಾಚಿದಾಗ ಎಳೆ ಹೇಗೂ ತುಂಡಾಗುತ್ತದೆ. ಅದು ಚೆಂಡು ತಾಗುವ ಮೊದಲೇ ತುಂಡಾದರೆ ಕೈ ಅವಸರಪಟ್ಟಿತು ಎಂದರ್ಥ, ಆಮೇಲೆ ತುಂಡಾದರೆ ಸರಿ.

ಇದನ್ನು ನೋಡಲು ಅವರು ಚೆಂಡೆಸೆಯುವುದನ್ನು ಗೆಳತಿಯರಿಗೆ ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕುದಿಯುವ ನೀರಿನ ಹಬೆಯಲ್ಲಿ ಎಳೆ ತೆಳುವಾದದ್ದನ್ನು ಕಂಡು ಚಕ್ಕನೆ ಇನ್ನೊಂದು ಗೂಡಿನ ಎಳೆ ಸೇರಿಸುವ ಕಣ್ಣು ಅದು, ಅದರಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪ್ರತಿ ಹೊಡೆತಕ್ಕೂ ಅವರ ಬಾಯಿಂದ ಬರುತ್ತಿದ್ದದ್ದು ಎರಡರಲ್ಲಿ ಒಂದೇ ಮಾತು: "ಮೊದ್ಲು" ಅಥವಾ "ಆಮೇಲೆ". ಚೆಂಡು ನೀರಿನ ಟ್ಯಾಂಕಿನ ತನಕ ಹಾರಿ ನಾವು ಕುಣಿಯುತ್ತಿದ್ದರೆ ಅವರು ತಣ್ಣಗೆ "ಮೊದ್ಲು" ಎನ್ನುತ್ತಿದ್ದರು. ಚೆಂಡು ಕಾಲ ಬುಡದಲ್ಲೇ ಉರುಳಿ ನಾನು ನಾಚಿಕೊಂಡು ನಿಂತಾಗ "ಆಮೇಲೆ! ಶಭಾಷ್" ಎಂದು ತೊಡೆ ತಟ್ಟುತ್ತಿದ್ದರು. ಈ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಎಳೆ ತುಂಡಾದಾಗಲೆಲ್ಲ ಬೇಸರವಿಲ್ಲದೆ ಹೊಸ ಎಳೆ ಕಟ್ಟುತ್ತಿದ್ದರು, ಸಂಜೆಗೆ ನೂರು ಸಲವಾದರೂ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪನಿಗೆ ಇದೊಂದೂ ಸೇರುತ್ತಿರಲಿಲ್ಲ. ನನಗೋ ದೈಹಿಕ ಶಿಕ್ಷಣದ ಕಾಲೇಜು ಸೇರುವ ಹುಚ್ಚು ಹತ್ತಿತ್ತು. ಪಿಯುಸಿ ಮೊದಲ ವರ್ಷಕ್ಕೆ ಕಾಲಿಟ್ಟ ದಿನವೇ ಅಪ್ಪ ತೀರ್ಪು ಕೊಟ್ಟರು: "ಈ ವರ್ಷ ಜಿಲ್ಲಾ ತಂಡಕ್ಕೆ ಸೆಲೆಕ್ಟ್ ಆದ್ರೆ ನೀನು ಹೇಳಿದ ಕಾಲೇಜು. ಇಲ್ದಿದ್ರೆ ಬ್ಯಾಟು ಅಟ್ಟಕ್ಕೆ, ನೀನು ಬಿ.ಕಾಂಗೆ. ಆಮೇಲೆ ಅಳೋಹಾಗಿಲ್ಲ ಕಣಮ್ಮ." ಅಳುವ ಪೈಕಿ ನಾನಲ್ಲ ಎಂದೆ.

ಆಯ್ಕೆಯ ಪಂದ್ಯ ಚಿಂತಾಮಣಿಯಲ್ಲಿ ನಡೆಯಿತು. ನನ್ನ ಸರದಿ ಬಂದಾಗ ಎರಡನೇ ಚೆಂಡಿಗೇ ಸರಿಯಾಗಿ ಹೊಡೆದೆ. ಕೈಗೇ ಗೊತ್ತಾಯಿತು, ಭುಜಕ್ಕೆ ಗೊತ್ತಾಯಿತು, ಎಳೆ ಇದ್ದಿದ್ದರೆ ಅದು ಆಮೇಲೆಯೇ ತುಂಡಾಗುತ್ತಿತ್ತು. ಚೆಂಡು ನೆಲ ಸವರಿಕೊಂಡು ಎಡಗಡೆಗೆ ಧಾವಿಸಿತು. ಸುತ್ತ ನಿಂತಿದ್ದ ಜನ "ಪರಿಗೆತ್ತು, ಪರಿಗೆತ್ತು" ಎಂದು ತೆಲುಗಿನಲ್ಲಿ ಕೂಗತೊಡಗಿದರು. ನಾನು ಬಿದ್ದಂಬೀಳ ಓಡಿದೆ. ಚೆಂಡು ಬರುವ ಮೊದಲು ಮುಟ್ಟಬೇಕಾದ ಮೊದಲ ಬೇಸ್ ಇನ್ನೆರಡು ಹೆಜ್ಜೆ ಇದೆ ಎನ್ನುವಾಗ, ಬೀದಿಯಲ್ಲಿ ಎಂಟು ವರ್ಷ ಮಾಡಿದ್ದನ್ನೇ ಮಾಡಿದೆ. ಕೈಯಲ್ಲಿದ್ದ ಬ್ಯಾಟನ್ನು ಮುಂದಕ್ಕೆ ಚಾಚಿ ಬೇಸಿನ ಮೇಲೆ ಸರ್ರನೆ ಜಾರಿಸಿದೆ.

ಚೆಂಡು ಬಂತು. ಆ ಕಡೆಯ ಹುಡುಗಿ ಅದನ್ನು ಹಿಡಿದು ನಿಧಾನವಾಗಿ ಬೇಸಿನ ಮೇಲೆ ಕಾಲಿಟ್ಟಳು. "ಔಟ್. ಬ್ಯಾಟ್ ಇಟ್ರೆ ಆಗಲ್ಲಮ್ಮ, ಕಾಲಿಡ್ಬೇಕು. ಇದು ಕ್ರಿಕೆಟ್ಟಲ್ಲ" ಎಂದರು ಅಂಪೈರ್. ಪರಿಗೆತ್ತು ಎಂದ ಜನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಊರು ಬರುವ ತನಕ ಅತ್ತೆ, ಅಳುವ ಪೈಕಿ ಅಲ್ಲದವಳು.

ಬಸ್ಸಿಳಿದ ಚಾಚಾ ತಮ್ಮ ಮನೆಗೆ ಹೋಗದೆ ನನ್ನ ಹಿಂದೆಯೇ ನಮ್ಮ ಮನೆಗೆ ಬಂದರು. ಅಪ್ಪ ಕುರ್ಚಿ ತೋರಿಸಿದರೂ ಅದರ ಅಂಚಿನಲ್ಲಿ ಕುಳಿತರು.

"ಸಾರ್, ಮಗು ಔಟಾಗಿದ್ದು ನನ್ನಿಂದ" ಎಂದರು. "ಕೈಗೆ ಎಳೆ ಕಟ್ಟಿ ನಿಲ್ಲಿಸ್ಕೊಂಡು ಹೊಡೆಸ್ದೆ. ಒಂದು ದಿನಾನೂ ಹೊಡೆದ್ಮೇಲೆ ಓಡಿಸ್ಲಿಲ್ಲ. ಹೊಡೆಯೋದು ಹೇಳ್ಕೊಟ್ಟೆ, ಬ್ಯಾಟ್ ಬಿಡೋದು ಹೇಳ್ಕೊಡ್ಲಿಲ್ಲ. ತಪ್ಪು ನಂದು, ಶಿಕ್ಷೆ ಅವಳಿಗ್ಯಾಕೆ? ಇನ್ನೊಂದು ವರ್ಷ ಕೊಡಿ."

ಅಪ್ಪ ಅವರ ಸುಕ್ಕು ಬೆರಳುಗಳನ್ನು ನೋಡಿದರು. "ಒಂದೇ ವರ್ಷ" ಎಂದರು. ತಪ್ಪು ನಂದು ಎನ್ನುವ ಮಾತನ್ನು ಕಚೇರಿಯ ಇಪ್ಪತ್ತು ವರ್ಷದಲ್ಲಿ ಒಬ್ಬರ ಬಾಯಲ್ಲೂ ಕೇಳಿರಲಿಲ್ಲವಂತೆ. ಅದಕ್ಕೇ ಒಪ್ಪಿದೆ ಎಂದು ಆಮೇಲೆ ಅಮ್ಮನ ಹತ್ತಿರ ಹೇಳಿದ್ದರು.

ಆ ವರ್ಷವನ್ನು ನೆನೆದರೆ ಇವತ್ತಿಗೂ ಮೊಣಕಾಲು ನೋಯುತ್ತದೆ. ಹೊಡಿ, ಬ್ಯಾಟು ಬಿಡು, ಓಡು. ಮೊದಲ ಬೇಸ್ ಎಂದರೆ ಮಣ್ಣು ತುಂಬಿದ ಗೋಣಿಚೀಲ. ಬ್ಯಾಟು ಬಿಡುವುದೇನು ದೊಡ್ಡ ವಿದ್ಯೆ ಎನ್ನಬೇಡಿ. ಎಂಟು ವರ್ಷ ಬ್ಯಾಟೇ ಕೈಯ ಮುಂದಿನ ಭಾಗವಾಗಿದ್ದವಳಿಗೆ ಅದನ್ನು ಬಿಟ್ಟು ಓಡುವುದೆಂದರೆ ಚಪ್ಪಲಿಯಿಲ್ಲದೆ ಪೇಟೆಗೆ ಹೋದ ಹಾಗೆ. ಮೊದಲ ತಿಂಗಳು ಹತ್ತರಲ್ಲಿ ಆರು ಸಲ ಬ್ಯಾಟು ನನ್ನ ಜೊತೆಗೇ ಓಡಿ ಬರುತ್ತಿತ್ತು. ಚಾಚಾ ಬೈಯುತ್ತಿರಲಿಲ್ಲ, "ವಾಪಸ್ ಬಾ" ಎನ್ನುತ್ತಿದ್ದರು, ಅಷ್ಟೆ. ಆ ಎರಡು ಪದ ಕೇಳಿ ಕೇಳಿ ನಾನು ಹಲ್ಲು ಕಚ್ಚುತ್ತಿದ್ದೆ. ರಂಜಾನ್ ತಿಂಗಳಲ್ಲೂ ಅವರು ಒಂದು ಸಂಜೆ ತಪ್ಪಿಸಲಿಲ್ಲ. ಉಪವಾಸದವರ ಎದುರಿಗೆ ಕುಡಿಯಬಾರದೆಂದು ನಾವು ನೀರಿನ ಬಾಟಲಿ ಬಚ್ಚಿಟ್ಟರೆ ಗದರಿದರು: "ರೋಜಾ ನಂದು, ನಿಮ್ದಲ್ಲ. ಕುಡೀರಿ, ಇಲ್ದಿದ್ರೆ ಓಡೋರ್ಯಾರು?"

ಹೊಡೆದ ಮೇಲೆ ಚೆಂಡು ಎಲ್ಲಿ ಬಿತ್ತೆಂದು ಕತ್ತು ತಿರುಗಿಸುವುದನ್ನೂ ಅವರು ಬಿಡಿಸಿದರು. "ಚೆಂಡು ನೋಡೋದು ಅವರ ಕೆಲಸ. ನಿನ್ ಕೆಲಸ ಓಡೋದು."

ಮುಂದಿನ ವರ್ಷದ ಆಯ್ಕೆ ಗೌರಿಬಿದನೂರಿನಲ್ಲಿ. ಹೊಡೆದೆ. ಬ್ಯಾಟು ಯಾವಾಗ ಕೈ ಬಿಟ್ಟಿತೋ ನನಗೆ ಗೊತ್ತೇ ಆಗಲಿಲ್ಲ. ಮೊದಲ ಬೇಸಿನ ಮೇಲೆ ನನ್ನ ಎಡಗಾಲು ದಪ್ಪೆಂದು ಬಿದ್ದದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ಮೂರನೇ ಬೇಸಿನ ತನಕ ಓಡಿದೆ, ಸಂಜೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಚಾಚಾರ ಹತ್ತಿರ ಓಡಿಹೋಗಿ, "ಎಷ್ಟು ದೂರ ಹೋಯ್ತು ನೋಡಿದ್ರಾ?" ಎಂದೆ.

"ನಾನ್ಯಾಕೆ ನೋಡ್ಲಿ? ಎಳೆ ನೋಡ್ತಿದ್ದೆ."

"ಇವತ್ತು ಎಳೆ ಕಟ್ಟಿರ್ಲಿಲ್ವಲ್ಲ ಚಾಚಾ?"

"ನಿಂಗೆ ಕಟ್ಟಿರ್ಲಿಲ್ಲ, ನಂಗೆ ಕಾಣ್ತಿತ್ತು. ಆಮೇಲೆ" ಎಂದು ನಕ್ಕರು.

ಅಪ್ಪ ಮಾತಿಗೆ ತಪ್ಪಲಿಲ್ಲ. ನಾನು ಓದಿದೆ, ಈಗ ಗೌರಿಬಿದನೂರಿನ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ವಿದುರಾಶ್ವತ್ಥದ ಕಡೆಯಿಂದಲೂ ಹುಡುಗಿಯರು ಬಸ್ಸು ಹಿಡಿದು ಆಡಲು ಬರುತ್ತಾರೆ. ಎಳೆ ಕಟ್ಟುವುದನ್ನು ನಾನೂ ಬಿಟ್ಟಿಲ್ಲ, ಚಾಚಾ ತಪ್ಪದೆ ಉಂಡೆ ಕಳಿಸುತ್ತಿದ್ದರು. ನನ್ನ ಕಣ್ಣಿಗೆ ಅವರ ಕಣ್ಣಿನ ಚುರುಕಿಲ್ಲದ್ದರಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಅವರಿಗೆ ಕಳಿಸುತ್ತಿದ್ದೆ. "ತಲೆಯಿಂದ ಪಾದದವರೆಗೆ ಬಂದ್ರೆ ಸಾಕು, ಆಕಾಶ ಬೇಡ" ಎಂದು ತಾಕೀತು. ಅರ್ಧ ಗಂಟೆಯಲ್ಲಿ ಅವರ ಧ್ವನಿ ಬರುತ್ತಿತ್ತು, ಒಂದೇ ಪದ. ಮೊದ್ಲು. ಆಮೇಲೆ.

ಹೋದ ವರ್ಷ ಆ ಧ್ವನಿಯಲ್ಲಿ ಏದುಸಿರು ಸೇರಿಕೊಂಡಿತು. ಹಬೆ, ಹೊಗೆ ಕುಡಿದ ಶ್ವಾಸಕೋಶ ಸೋತಿತ್ತು. ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿಕೊಂಡು ದಿಂಬಿಗೆ ಒರಗಿದ್ದರು. ಗೂಡು ಕುದಿಸುವ ಬಾಣಲೆ ಬಿಟ್ಟು ತಿಂಗಳುಗಳಾಗಿ ಬೆರಳ ತುದಿಗಳು ಒಣಗಿ ನುಣ್ಣಗಾಗಿದ್ದವು. ಹೊಸ ಹುಡುಗಿಯೊಬ್ಬಳ ವಿಡಿಯೊ ತೋರಿಸಿದೆ. ಅವರು ಪೂರ್ತಿ ನೋಡಿ, ಎಂದಿನ ಮಾತು ಹೇಳಲಿಲ್ಲ.

"ಚೆಂಡು ತೋರ್ಸಮ್ಮ" ಎಂದರು. "ಎಲ್ಲಿಗೆ ಹೋಯ್ತು?"

ಫೋನೆಲ್ಲ ಹುಡುಕಿದೆ. ನಾಲ್ಕು ವರ್ಷದ ವಿಡಿಯೊಗಳಲ್ಲಿ ತಲೆಯಿಂದ ಪಾದದವರೆಗಿನ ಹುಡುಗಿಯರಿದ್ದರು, ಬ್ಯಾಟಿಗೆ ತಾಗಿದ ಮೇಲೆ ಚೆಂಡು ಎಲ್ಲಿಗೆ ಹೋಯಿತೆಂಬುದು ಒಂದರಲ್ಲೂ ಇರಲಿಲ್ಲ.

ಮರುದಿನ ಸಂಜೆ ಆ ಹುಡುಗಿಯ ಬೆನ್ನ ಹಿಂದೆ ನಿಂತು, ಅವಳು ಹೊಡೆದ ಚೆಂಡನ್ನು ಫೋನಿನಲ್ಲಿ ಹಿಂಬಾಲಿಸಿದೆ. ಮೈದಾನ ದಾಟಿ, ಬೇಲಿ ದಾಟಿ, ಆಚೆಯ ಜೋಳದ ಹೊಲದಲ್ಲಿ ಅದು ಬೀಳುವ ತನಕ. ಭಾನುವಾರ ಶಿಡ್ಲಘಟ್ಟಕ್ಕೆ ಹೋಗಿ ಅವರ ಕಣ್ಣಿನ ಮುಂದೆ ಹಿಡಿದೆ. ನಾಲ್ಕು ಸಲ ಹಾಕಿಸಿಕೊಂಡು ನೋಡಿದರು, ಸಣ್ಣ ಮಗುವಿನಂತೆ ಬಾಯಿ ಬಿಟ್ಟುಕೊಂಡು.

"ಇಷ್ಟು ದೂರ ಹೋಗ್ತಾವಾ ಇವು?"

"ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿರ್ಲಿಲ್ವಾ ಚಾಚಾ?"

"ಅದನ್ನ ನೋಡ್ತಾ ಕೂತಿದ್ರೆ ನಿಮ್ಮನ್ನ ಯಾರು ನೋಡ್ತಿದ್ರು?"

ಅದಾದ ಒಂಬತ್ತನೇ ದಿನ ಅವರು ಹೋದರು. ಮಣ್ಣಿಗೆ ಇಟ್ಟು ಬಂದ ಮರುದಿನವೂ ನಾನು ಮೈದಾನಕ್ಕೆ ಹೋದೆ, ರಜೆ ಹಾಕಿದ್ದರೆ ಅವರೇ ಬೈಯುತ್ತಿದ್ದರು. ಅವರು ಕಳಿಸಿದ ಕೊನೆಯ ಉಂಡೆಯಿಂದ ಎಳೆ ಬಿಚ್ಚಿ ಅದೇ ಹುಡುಗಿಯ ಭುಜಕ್ಕೆ, ಮಣಿಕಟ್ಟಿಗೆ ಕಟ್ಟಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವಳು ಹೊಡೆದಳು. ಹುಡುಗಿಯರೆಲ್ಲ ಆಕಾಶ ನೋಡುತ್ತಾ ಹೋ ಎಂದು ಕೂಗಿದರು. ಚೆಂಡು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ.

"ಮೊದ್ಲು. ವಾಪಸ್ ಬಾ" ಎಂದೆ, ಇನ್ನೊಂದು ಎಳೆ ಬಿಚ್ಚಿಕೊಂಡೆ.