ತೂತು ಕಲ್ಲಿನ ಸಾಕ್ಷಿ

ಮುಂಗೋಪ ನನಗೆ ಹುಟ್ಟಿನಿಂದಲೇ ಬಂದದ್ದು. ಅದರಿಂದ ಕೆಟ್ಟ ಕೆಲಸ ಒಂದೆರಡಲ್ಲ. ಆದರೆ ಆ ಶನಿವಾರ ಮಧ್ಯಾಹ್ನದ್ದನ್ನು ಮಾತ್ರ ಇಂದಿಗೂ ಮರೆತಿಲ್ಲ.

ಎಪ್ಪತ್ತರ ದಶಕದ ಕೊನೆ. ನಾವು ಅಮೆರಿಕದ ಡೌನರ್ಸ್ ಗ್ರೋವ್‌ನಲ್ಲಿದ್ದೆವು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದ ನಾನು ಇಲ್ಲಿಗೆ ಬಂದು ಆರು ವರ್ಷ ಪುಸ್ತಕಗಳ ಧೂಳು ಒರೆಸಿಕೊಂಡು ಕೂತಿದ್ದೆ. ಕೊನೆಗೂ ಹತ್ತಿರದ ಒಂದು ಕಾಲೇಜಿನಿಂದ ಕರೆ ಬಂತು. ಶನಿವಾರ ಮಧ್ಯಾಹ್ನ ಊರವರ ಮುಂದೆ ಒಂದು ಉಪನ್ಯಾಸ ಕೊಡಬೇಕು, ವಿಭಾಗದ ಮುಖ್ಯಸ್ಥೆಗೆ ಹಿಡಿಸಿದರೆ ಪಾಠ ಹೇಳುವ ಕೆಲಸ ನನ್ನದು. ಇದೂ ತಪ್ಪಿದರೆ ಇನ್ನು ಎಲ್ಲಿಯೂ ಅರ್ಜಿ ಹಾಕುವುದಿಲ್ಲ ಎಂದು ಶಪಥ ಮಾಡಿದ್ದೆ.

ವಿಷಯ ಆರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಕ್ಯಾಲಿಫೋರ್ನಿಯಾದ ಕಡಲ ತಳದಲ್ಲಿ ಮುಳುಗುಗಾರರಿಗೆ ತೂತು ಕೊರೆದ ದೊಡ್ಡ ಕಲ್ಲುಗಳು ಸಿಕ್ಕಿದ್ದವು. ಅವು ಚೀನಾದ ಹಳೆಯ ಹಡಗುಗಳ ಲಂಗರು, ಕೊಲಂಬಸ್‌ಗಿಂತ ಎಷ್ಟೋ ಮೊದಲೇ ಅವರು ಬಂದಿದ್ದರು ಎಂದು ಕೆಲವರು. ಛೆ, ಅದೆಲ್ಲ ಕಟ್ಟುಕಥೆ ಎಂದು ಕೆಲವರು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟವೇ ಸೇರಲಿಲ್ಲ. ಪೂರ್ವದವರು ಮೊದಲು ಬಂದರು! ಇದಕ್ಕಿಂತ ಇನ್ನೇನು ಬೇಕು?

"ಸ್ವಲ್ಪ ನಿಧಾನ ಕಣೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದರು ನನ್ನ ಗಂಡ.

"ನಿಮ್ಮ ಪ್ರಮಾಣ ಆಮೇಲೆ. ಮೊದ್ಲು ನಂಗೊಂದು ಕಲ್ಲು ಮಾಡ್ಕೊಡ್ರೀ."

ಪಾಪ, ಗ್ಯಾರೇಜಿನಲ್ಲಿ ಸಿಮೆಂಟು ಕಲಸಿ, ನಡುವೆ ತೂತು ಬಿಟ್ಟು, ಅರವತ್ತು ಪೌಂಡಿನ ಲಂಗರು ಮಾಡಿಯೇ ಬಿಟ್ಟರು. ಸ್ಟೇಷನ್ ವ್ಯಾಗನ್ನಿನಿಂದ ಸಭಾಂಗಣಕ್ಕೆ ಹೊತ್ತು ತರುವಾಗ, "ಥರ್ಮಾಕೋಲಲ್ಲಿ ಮಾಡಿದ್ರೆ ಆಗ್ತಿರ್ಲಿಲ್ವೇನೇ?" ಎಂದು ಏದುಸಿರು ಬಿಟ್ಟರು.

ಮಾತಾಡಿದೆ ನೋಡಿ! ಚೀನಾದ ಚಕ್ರವರ್ತಿ ಕಳಿಸಿದ ಒಂಬತ್ತು ಪಟಸ್ತಂಭದ ಹಡಗುಗಳು, ದಿಕ್ಸೂಚಿ, ನಮ್ಮ ಕಲ್ಲಿಕೋಟೆಗೂ ಬಂದು ಮೆಣಸು ಒಯ್ದ ನಾವಿಕರು. ಆರು ವರ್ಷ ಒಳಗೇ ಇದ್ದ ಮಾತು ಕಟ್ಟೆಯೊಡೆದು ಬಂತು. ನಡುವೆ ಮುಂದಿನ ಸಾಲಿನಿಂದ ಒಬ್ಬರು ವಯಸ್ಸಾದ ಚೀನೀಯರು ಎದ್ದು ಏನೋ ಹೇಳಹೊರಟರು. ನನ್ನೊಳಗಿದ್ದ ಮೈಸೂರಿನ ಮೇಡಂಗೆ ರೇಗಿತು.

"ಕೂತ್ಕೊಳ್ಳಿ! ಪ್ರಶ್ನೆ ಎಲ್ಲ ಕೊನೇಲಿ," ಎಂದು ಇಂಗ್ಲಿಷಿನಲ್ಲಿ ಗದರಿದೆ, ಹಿಂದಿನ ಬೆಂಚಿನ ತರಲೆಗಳಿಗೆ ಗದರುವ ಹಾಗೆ. ನಮ್ಮಪ್ಪನ ವಯಸ್ಸಿನವರು, ತಟ್ಟನೆ ಕೂತುಬಿಟ್ಟರು.

ಮಾತು ಮುಗಿದ ಮೇಲೆ ಅವರೇ ಮೊದಲು ಎದ್ದರು. ನೇರ ವೇದಿಕೆಗೆ ಬಂದು, ನಮ್ಮ ಸಿಮೆಂಟು ಕಲ್ಲಿಗೆ ನಾನು ಕಟ್ಟಿದ್ದ ಹಗ್ಗ ಬಿಚ್ಚಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೇರೆಯದೇ ಗಂಟು ಹಾಕಿದರು.

"ಹೀಗೆ ಕಟ್ಟಬೇಕು. ನಮ್ಮಜ್ಜ ಕಲಿಸಿದ್ದು," ಎಂದರು. "ಅವರು ಕ್ಯಾಲಿಫೋರ್ನಿಯಾದಲ್ಲಿ ಮೀನು ಹಿಡೀತಿದ್ರು. ಚೀನಾದಿಂದ ಬಂದ ಎಷ್ಟೋ ಜನ ಹಿಡೀತಿದ್ರು. ಅಲ್ಲಿನ ಕಲ್ಲನ್ನೇ ಕೊರೆದು ಲಂಗರು ಮಾಡ್ಕೋತಿದ್ರು. ಆಮೇಲೆ ಇಲ್ಲಿನ ಬಿಳಿಯರು ಅವರನ್ನೆಲ್ಲ ಓಡಿಸಿಬಿಟ್ರು. ಸಾವಿರ ವರ್ಷ ಹಿಂದಕ್ಕೆ ಯಾಕೆ ಹೋಗ್ತೀರಿ? ನೂರು ವರ್ಷ ಸಾಕು."

ವಿಭಾಗದ ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ಹೋಯ್ತು, ಕೆಲಸ ಕೈಬಿಟ್ಟು ಹೋಯ್ತು ಎಂದುಕೊಂಡೆ. ವಾದ ಮಾಡಬಹುದಿತ್ತು, ನಾಲಿಗೆಯ ತುದಿಯಲ್ಲೇ ಉತ್ತರಗಳಿದ್ದವು. ಆದರೆ ಆ ಗಂಟು ನೋಡುತ್ತಿದ್ದ ಹಾಗೇ ಮೈ ಜುಮ್ಮೆಂದಿತು. ಹೊಟ್ಟೆಪಾಡಿಗೆ ಕಡಲು ದಾಟಿ ಬಂದ ನಮ್ಮಂಥವರ ಕಲ್ಲು! ಅವರನ್ನು ಬಿಟ್ಟು ನಾನು ಚಕ್ರವರ್ತಿಯ ಹಡಗು ಹುಡುಕಿಕೊಂಡು ಹೋಗಿದ್ದೆನಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು, ಕುಣಿಯುವಷ್ಟು ಖುಷಿ.

"ನಾನು ಹೇಳಿದ್ದು ತಪ್ಪಿರಬಹುದು. ಗದರಿದ್ದಂತೂ ತಪ್ಪೇ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮಜ್ಜನ ಹೆಸರೇನು?"

"ಯಾವ ಪುಸ್ತಕದಲ್ಲೂ ಇಲ್ಲ."

"ಅದಕ್ಕೇ ಕೇಳಿದ್ದು."

ಸೀಮೆಸುಣ್ಣ ಅವರ ಕೈಗಿಟ್ಟೆ. ಕರಿಹಲಗೆಯ ನಟ್ಟನಡುವೆ, ದೊಡ್ಡದಾಗಿ, ಮೂರು ಚೀನೀ ಅಕ್ಷರ ಬರೆದರು. ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ತಾವೇ ಅದನ್ನು ನೋಡುತ್ತ ನಿಂತರು.

ನಾನು ನೋಟ್‌ಬುಕ್ ತೆಗೆದು ಒಂದೊಂದೇ ಗೆರೆ ನೋಡಿ ಬರೆದುಕೊಳ್ಳತೊಡಗಿದೆ. ಮುಖ್ಯಸ್ಥೆ ಪಕ್ಕಕ್ಕೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ.

"ಮುಂದಿನ ಟರ್ಮ್‌ನಿಂದ ಪಾಠ ಶುರು ಮಾಡ್ತೀರಾ?" ಎಂದು ಕೇಳಿದರು.

"ಒಂದ್ನಿಮಿಷ ಇರಿ," ಎಂದೆ. ಮೂರನೆಯ ಅಕ್ಷರ ಇನ್ನೂ ಅರ್ಧಕ್ಕಿತ್ತು.