ಒಬ್ಬ ಕಡಿಮೆ ಬಿದ್ದ ದಿನ

"ನಿಮ್ಮ ಮಂದಿ ವೋಟು ಎಷ್ಟ ಅದಾವ್ರಿ, ಸಾಹೇಬ್ರ?" ಎಂದು ಕೇಳಿಬಿಟ್ಟೆ. ಚುನಾವಣೆ ಸುದ್ದಿಗೆ ದಿಲ್ಲಿಯಿಂದ ಬಂದಿದ್ದ ಟಿವಿ ವರದಿಗಾರರನ್ನು ನನ್ನ ಕಾರಿನಲ್ಲಿ ಕುಡಚಿಯಿಂದ ಅಥಣಿಗೆ ಕರೆದೊಯ್ಯುತ್ತಿದ್ದೆ. ದಿನವಿಡೀ ಅವರು ಊರೂರಲ್ಲಿ ಯಾವ ಜಾತಿಯ ವೋಟು ಎಷ್ಟು ಎಂದು ಕೇಳಿದ್ದರು. ತಾವು ಕೊಂಕಣದ ಯಹೂದಿ ಎಂದು ನನಗೆ ಆಗಷ್ಟೇ ಹೇಳಿದ್ದರು.

ಅವರು ನಗಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ನಮ್ಮಲ್ಲಿ ಸತ್ತವರ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಅಪ್ಪ ತೀರಿಕೊಂಡಾಗ ಊರಲ್ಲಿ ಒಂಬತ್ತೇ ಜನ ಇದ್ದರು. ಹತ್ತನೆಯವ ನಾನಾಗಬೇಕಿತ್ತು. ದಿಲ್ಲಿಯ ಸ್ಟುಡಿಯೋದಲ್ಲಿ ಯಾರಿಗೆ ಎಷ್ಟು ಸೀಟು ಅಂತ ಎಣಿಸುತ್ತಾ ಕೂತಿದ್ದೆ."

"ತಪ್ಪಾತ್ರಿ ಸಾಹೇಬ್ರ," ಎಂದೆ.

ಈಗ ಟಿವಿಯಲ್ಲಿ ಮತ ಎಣಿಕೆ ಶುರುವಾದರೆ, ಬಾಗಿಲ ಕಡೆ ನೋಡುತ್ತಾ ಕೂತ ಒಂಬತ್ತು ಗಂಡಸರು ನನ್ನ ಕಣ್ಣಮುಂದೆ ಬರುತ್ತಾರೆ.