ಜೋಡಿ ಹಚ್ಚೆಗೆ ಎರಡು ಸೂಜಿ

ನಮ್ಮ ಉಸ್ತಾದರ ಬೆರಳ ಸಂದಿಯ ಚರ್ಮ ವರ್ಷವಿಡೀ ಸುಲಿದಿರುತ್ತಿತ್ತು. ಸೋಪು, ಸ್ಪಿರಿಟ್ಟು, ಮತ್ತೆ ಸೋಪು. ಗ್ಲೌಸ್ ಹಾಕುವ ಮುಂಚೆ ತೊಳೆಯುವುದು, ತೆಗೆದ ಮೇಲೆ ತೊಳೆಯುವುದು, ನಡುವೆ ಫೋನ್ ಮುಟ್ಟಿದರೆ ಮತ್ತೆ ಮೊದಲಿಂದ. ಊಟಕ್ಕೆ ಕೂತಾಗ ಸಾರಿನ ಖಾರ ತಾಗಿ ‘ಯಾ ಅಲ್ಲಾ’ ಎಂದು ಕೈ ಕೊಡವುತ್ತಿದ್ದರು. ‘ಚಮಚ ತಗೊಳ್ರಿ ಉಸ್ತಾದ್’ ಅಂದರೆ, ‘ಚಮಚದಾಗೆ ಉಂಡ್ರೆ ಹೊಟ್ಟೆ ತುಂಬಲ್ಲ ಕಣಲೇ’ ಎನ್ನುತ್ತಿದ್ದರು.

ಚಳ್ಳಕೆರೆಯ ಗ್ಯಾರೇಜುಗಳ ಗಲ್ಲಿಯಲ್ಲಿ ಅವರ ಟ್ಯಾಟೂ ಅಂಗಡಿ. ಮೊದಲು ಬೈಕಿನ ಟ್ಯಾಂಕುಗಳ ಮೇಲೆ ಚಿತ್ರ ಬರೆಯುತ್ತಿದ್ದವರು. ಮೆಕ್ಯಾನಿಕ್‌ಗಳು ಕರೆಯುತ್ತಿದ್ದ ‘ಉಸ್ತಾದ್’ ಎಂಬ ಹೆಸರೇ ಉಳಿದುಕೊಂಡಿತು. ನಾನು ಮೊಳಕಾಲ್ಮೂರಿನವನು. ಸೀರೆಯ ಅಂಚಿಗೆ ಡಿಸೈನ್ ಬರೆದು ಪಳಗಿದ ಕೈ ನೋಡಿ ಕೆಲಸಕ್ಕೆ ಸೇರಿಸಿಕೊಂಡರು. ಆರು ತಿಂಗಳು ಮೆಷಿನ್ ಮುಟ್ಟಲು ಬಿಡಲಿಲ್ಲ. ಕುರ್ಚಿ ಒರೆಸು, ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಸುತ್ತು, ಒಬ್ಬರಿಗೆಂದು ಸುರಿದ ಬಣ್ಣದಲ್ಲಿ ಉಳಿದದ್ದನ್ನು ಚೆಲ್ಲು. ಒಮ್ಮೆ ಹಾಗೆ ಉಳಿದ ಬಣ್ಣವನ್ನು ಬಾಟಲಿಗೆ ವಾಪಸ್ ಸುರಿದಿದ್ದೆ. ಇಡೀ ಬಾಟಲಿಯನ್ನೇ ಮೋರಿಗೆ ಸುರಿದು, ನನ್ನ ಏಳು ತಲೆಮಾರನ್ನು ಉರ್ದು, ಕನ್ನಡ ಎರಡರಲ್ಲೂ ಉದ್ಧಾರ ಮಾಡಿದ್ದರು.

ಸೂಜಿಯ ಪ್ಯಾಕೆಟ್ಟನ್ನು ಗಿರಾಕಿಯ ಕೈಗೆ ಕೊಟ್ಟು, ‘ತಾರೀಖು ಓದಪ್ಪಾ, ಜೋರಾಗಿ ಓದು. ಈಗ ನೀನೇ ಹರಿ’ ಎನ್ನುತ್ತಿದ್ದರು. ಇದೆಲ್ಲ ಯಾವ ತಲೆನೋವು ಎಂದು ಜನ ಎದುರಿನ ಅಂಗಡಿಗೆ ನುಗ್ಗುತ್ತಿದ್ದರು. ಅಲ್ಲಿನವನು ಹರಿದ ಬನಿಯನ್ ಚೂರೊಂದರಲ್ಲೇ ಬಂದವರೆಲ್ಲರ ರಕ್ತ ಒರೆಸುತ್ತಿದ್ದ. ಅವನ ಬಾಗಿಲಲ್ಲಿ ಸಾಲು, ನಮ್ಮಲ್ಲಿ ನೊಣ. ನನಗೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಆದರೆ ಕಾರಣ ಬೇರೆ.

ನಮ್ಮ ಕಡೆ ಒಂದು ಹುಚ್ಚು ನಂಬಿಕೆ ಇದೆ. ಗಂಡ ಹೆಂಡತಿಯಾಗಲಿ, ಗೆಳೆಯರಾಗಲಿ ಜೋಡಿ ಹಚ್ಚೆ ಹಾಕಿಸಿಕೊಂಡರೆ ಇಬ್ಬರಿಗೂ ಒಂದೇ ಸೂಜಿ ಆಗಬೇಕು, ಸೂಜಿ ಬದಲಾದರೆ ಜೋಡಿ ಮುರಿಯುತ್ತದೆ ಎಂದು. ಹಿಂದೆ ಒಂದೇ ಮನೆಯ ಹೆಂಗಸರು ಸಾಲಾಗಿ ಕೂತು ಒಬ್ಬಳ ಕೈಯಲ್ಲೇ ಹಚ್ಚೆ ಚುಚ್ಚಿಸಿಕೊಳ್ಳುತ್ತಿದ್ದರಲ್ಲ, ಅಲ್ಲಿಂದ ಬಂದದ್ದಿರಬೇಕು. ಕೈಗೆ ಕರೆಂಟಿನ ಮೆಷಿನ್ ಬಂತು, ತಲೆಗೆ ಬುದ್ಧಿ ಮಾತ್ರ ಬರಲಿಲ್ಲ.

ಶುಕ್ರವಾರ ನಮಾಜ್ ಮುಗಿಸಿದ ಮೇಲೆ ಉಸ್ತಾದ್ ಎಲ್ಲಿಗೋ ಹೋಗಿಬಿಡುತ್ತಿದ್ದರು. ಅಂಥ ಒಂದು ದಿನ ಹತ್ತಿರದ ನನ್ನಿವಾಳ ಹಳ್ಳಿಯ ಇಬ್ಬರು ಗೆಳೆಯರು ಬಂದರು. ‘ಒಂದೇ ಸೂಜಿನಾಗೆ ಹಾಕಣ್ಣ. ಇಲ್ಲಾಂದ್ರೆ ಎದುರಿಗೆ ಹೋಗ್ತೀವಿ’ ಅಂದರು. ಎದುರಿಗೆ ಎಂಬ ಮಾತು ಕೇಳಿ ನನಗೆ ಹಟ ಹತ್ತಿತು. ಹಾಕಿದೆ.

ಸಂಜೆ ಬಂದ ಉಸ್ತಾದ್, ಆ ಗೆಳೆಯರು ಹೆಸರು, ಊರು ಬರೆದುಕೊಟ್ಟಿದ್ದ ಎರಡು ಚೀಟಿ ನೋಡಿ, ಬಳಸಿದ ಸೂಜಿಯ ಡಬ್ಬಿ ಎತ್ತಿ ನೋಡಿದರು.

‘ಇಬ್ರಿಗೆ ಹಾಕಿದೀಯ. ಇನ್ನೊಂದು ಸೂಜಿ ಎಲ್ಲೈತೆ?’

‘ಅವ್ರೇ ಕೇಳಿದ್ರು ಉಸ್ತಾದ್...’

‘ಅವ್ರು ವಿಷ ಕೇಳಿದ್ರೆ ಕೊಡ್ತೀಯೇನಲೇ, ಬೇವಕೂಫ್!’

ಶಟರ್ ಎಳೆದು ನನ್ನನ್ನು ಬೈಕಿಗೆ ಹತ್ತಿಸಿಕೊಂಡು ನನ್ನಿವಾಳಕ್ಕೆ ಹೊಡೆದರು. ಅವರಿಬ್ಬರ ಮನೆಯವರನ್ನೆಲ್ಲ ಹೊರಗೆ ಕರೆದು, ‘ಹೇಳು, ನೀನೇ ಹೇಳು’ ಅಂದರು. ನಾನು ಹೇಳಿದೆ. ಒಬ್ಬನ ಅಪ್ಪ ಕಾಲಿನ ಚಪ್ಪಲಿ ಕೈಗೆ ತಗೊಂಡ. ನಾನು ಹಿಂದೆ ಸರಿದಾಗ ಉಸ್ತಾದ್ ಬೆನ್ನಿಗೆ ಕೈ ಕೊಟ್ಟು ತಡೆದರು. ‘ಬೈದ್ರೆ ನಿಂತು ಕೇಳು. ಓಡಬ್ಯಾಡ.’ ಮಾರನೆಯ ದಿನ ಆ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಏನೂ ಆಗಿರಲಿಲ್ಲ.

ಏನೂ ಆಗಲಿಲ್ಲವಲ್ಲ, ಊರ ಮುಂದೆ ನನ್ನ ಮಾನ ಯಾಕೆ ಕಳೆದಿರಿ ಎಂದು ಕೂಗಾಡಿದೆ. ಅವರು ಶರ್ಟು ಎತ್ತಿ ಉಬ್ಬಿದ ಹೊಟ್ಟೆ ತೋರಿಸಿದರು. ‘ಹೆಪಟೈಟಿಸ್ ಸಿ ಅಂತಾರೆ. ಔಷಧಿಗೆ ವೈರಸ್ ಹೋತು, ಲಿವರ್ ಮಾತ್ರ ಕಲ್ಲಾಗೈತೆ. ಗ್ಲೌಸ್ ಇಲ್ದೆ ಎಷ್ಟು ಸಲ ಚುಚ್ಕೊಂಡಿದೀನೋ ಲೆಕ್ಕ ಇಲ್ಲ. ನನಗೆ ಬಂದದ್ದು ಹೋಗ್ಲಿ ಬಿಡು. ಒಂದೇ ಸೂಜಿನಾಗೆ ನಾನೆಷ್ಟು ಜೋಡಿ ಮಾಡಿದೀನಿ ಗೊತ್ತಾ?’

ಶುಕ್ರವಾರ ಎಲ್ಲಿಗೆ ಹೋಗುತ್ತಿದ್ದರೆಂದು ಆಗ ತಿಳಿಯಿತು. ಹಚ್ಚೆಯಲ್ಲಿ ಹೆಸರು ತಪ್ಪಾಗಬಾರದೆಂದು ಗಿರಾಕಿಗಳು ಚೀಟಿಯಲ್ಲಿ ತಮ್ಮ ಹೆಸರು, ಊರು ಬರೆದು ಕೊಡುತ್ತಿದ್ದರು. ಮೊದಲ ವರ್ಷಗಳ ಆ ಚೀಟಿಗಳನ್ನು ಹಿಡಿದು, ಒಂದೊಂದೇ ಊರಿಗೆ ಹೋಗಿ, ಬಾಗಿಲು ತಟ್ಟಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೈ ಮುಗಿಯುತ್ತಿದ್ದರು. ಕೆಲವರು ಚಹಾ ಕೊಟ್ಟರಂತೆ. ಒಂದೂರಲ್ಲಿ ಹೊಡೆದರಂತೆ. ಅವರು ಹೋಗುತ್ತಿದ್ದದ್ದು ಮಾತ್ರ ನಿಲ್ಲಲಿಲ್ಲ. ಹೋದ ವರ್ಷ ರಕ್ತ ಕಾರಿಕೊಂಡು ತೀರಿಹೋದರು. ಅವರ ಮಯ್ಯತ್ತಿಗೆ ಎದುರಿನ ಅಂಗಡಿಯವನೂ ಬಂದಿದ್ದ. ‘ಒಳ್ಳೇ ಮನುಷ್ಯ, ಪಾಪ’ ಅಂದ. ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಪಾಪವಂತೆ! ಮಾರನೆಯ ದಿನ ಅವನು ಅದೇ ಬನಿಯನ್ ಚೂರು ಹಿಡಿದು ಕೂತಿದ್ದ.

ಐದು ಚೀಟಿ ಉಳಿದಿದ್ದವು. ಅವರಂತೆಯೇ ಶುಕ್ರವಾರ ಹೋಗಿ ಎರಡು ಮುಗಿಸಿದೆ. ಮೂರನೆಯದು ಮೊಳಕಾಲ್ಮೂರು ದಾಟಿ ಆಂಧ್ರದ ಗಡಿಯ ಹತ್ತಿರದ ಹಳ್ಳಿ, ಒಂದು ಗಂಡ ಹೆಂಡತಿ ಜೋಡಿ. ಬಾಗಿಲು ತೆಗೆದ ಹೆಂಗಸು ‘ಎವರು ಕಾವಾಲಿ?’ ಎಂದು ತೆಲುಗಲ್ಲಿ ಕೇಳಿದರು, ಯಾರು ಬೇಕು ಎಂದು. ನಾನು ಬಂದ ಕಾರಣ ಹೇಳಿದೆ.

‘ನನ್ನ ಗಂಡ ಹೊಟ್ಟೆ ಊದಿ ಸತ್ತು ಎರಡು ವರ್ಷ ಆತು. ಕುಡುಕ ಅಂದ್ರು ಜನ. ಒಂದು ತೊಟ್ಟು ಕುಡೀತಿರ್ಲಿಲ್ಲ ಕಣಪ್ಪಾ! ನನ್ನ ಮಕ್ಕಳ ಮುಂದೇನೇ ಕುಡುಕ ಅಂದ್ರು. ಅವತ್ತು ಎಲ್ಲಿಗೆ ಹೋಗಿದ್ರಿ ನೀವೆಲ್ಲ?’

ಅಕ್ಕಪಕ್ಕದವರು ಸೇರಿದರು. ಬೈಗುಳ ಎರಡು ಭಾಷೆಯಲ್ಲಿ ಬಂತು. ನಾನು ನಿಂತು ಕೇಳಿದೆ. ಬೈದು ಸುಸ್ತಾದ ಮೇಲೆ ಆಕೆ, ‘ಆ ನಿಮ್ಮ ಉಸ್ತಾದು ಎಲ್ಲಿ?’ ಅಂದರು.

‘ತೀರಿಕೊಂಡ್ರು ಅಕ್ಕಾ. ಅದೇ ಕಾಯಿಲೆಗೆ.’

ಆಕೆ ರವಿಕೆಯ ತೋಳು ಸರಿಸಿ ಗಂಡನ ಹೆಸರು ತೋರಿಸಿ, ‘ಎಲ್ಲಿ ಪರೀಕ್ಷೆ ಮಾಡ್ತಾರೆ, ಕರ್ಕೊಂಡು ಹೋಗು’ ಅಂದರು.

ಅವರ ರಕ್ತದಲ್ಲೂ ಇತ್ತು. ಲಿವರ್ ಇನ್ನೂ ಕೆಟ್ಟಿರಲಿಲ್ಲ. ಮೂರು ತಿಂಗಳು ಮಾತ್ರೆ ನುಂಗಿದರು; ಅವರ ಆಸ್ಪತ್ರೆ ಓಡಾಟದಲ್ಲೇ ನನ್ನ ಶುಕ್ರವಾರಗಳು ಕಳೆದವು, ಉಳಿದ ಎರಡು ಚೀಟಿ ಹಾಗೇ ಇದ್ದವು. ಕೊನೆಯ ರಿಪೋರ್ಟ್ ಬಂದ ದಿನ ನನಗೆ ಫೋನ್ ಮಾಡಿದರು. ‘ಪೂರಾ ಹೋಗೈತಂತೆ’ ಅಂದರು. ನಾನು ಸಂತೋಷವಾಯಿತು ಅನ್ನುವಷ್ಟರಲ್ಲಿ, ‘ನೀವು ಮುಂಚೆ ಬಂದಿದ್ರೆ ಇಬ್ರೂ ಇರ್ತಿದ್ವಿ’ ಎಂದು ಫೋನ್ ಇಟ್ಟುಬಿಟ್ಟರು.

ಅವತ್ತು ಗುರುವಾರ. ಶುಕ್ರವಾರದವರೆಗೆ ಕಾಯಲಿಲ್ಲ; ಅಂಗಡಿ ಮುಚ್ಚಿ ನಾಲ್ಕನೇ ಚೀಟಿಯ ಊರಿಗೆ ಹೊರಟೆ.